ಗಹುಂಜೆಯಲ್ಲಿ ಮ್ಯಾಚ್, ನನಗೆ ಬಿಡದ ಸೀನು

ಪ್ರಶ್ನೆ, ಪಿಂಪ್ರಿಯಿಂದ:
ಚಳಿ ಮುಗಿಯುವ ಹೊತ್ತಿಗೆ ನನಗೆ ಅಲರ್ಜಿ ಶುರು. ಹೋದ ಸಲ ಪುಣೆ ಹತ್ತಿರದ ಗಹುಂಜೆ ಕ್ರಿಕೆಟ್ ಸ್ಟೇಡಿಯಂನಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾ ಕೂತಿದ್ದೆ, ವಿಕೆಟ್ ಬಿದ್ದದ್ದು ಪಕ್ಕದವರ ಕೂಗಿನಿಂದಲೇ ಗೊತ್ತಾಯಿತು. ತುಂಬಾ ಬೇಜಾರಾಯಿತು. ಅಲರ್ಜಿ ಮಾತ್ರೆ ಸೆಟ್ರಿಜಿನ್ ತಗೊಂಡರೆ ನಿದ್ದೆ. ಏನು ಮಾಡಲಿ?

ಉತ್ತರ 1:
ಫೆಕ್ಸೊಫೆನಡಿನ್ ಅನ್ನೋ ಇನ್ನೊಂದು ಅಲರ್ಜಿ ಮಾತ್ರೆ ಆಗುತ್ತಾ ಅಂತ ಡಾಕ್ಟರ್ ಹತ್ತಿರ ಕೇಳಿ, ನಿದ್ದೆ ಕಡಿಮೆ. ಹಣ್ಣಿನ ಜ್ಯೂಸ್ ಜೊತೆ ಮಾತ್ರ ಬೇಡ, ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ, ನೀರಲ್ಲೇ ನುಂಗಿ.

ಉತ್ತರ 2:
ಮೂಗಿನ ಸ್ಟೀರಾಯ್ಡ್ ಸ್ಪ್ರೇಯನ್ನು ಮ್ಯಾಚ್ ದಿನ ಹೊಡೆದರೆ ಸಾಲದು ಸರ್, ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕಾಗಬಹುದು, ಅದಕ್ಕೇ ಟಿಕೆಟ್ ಕೊಂಡ ದಿನವೇ ಡಾಕ್ಟರನ್ನು ಕಾಣಿ. ವಾಪಸ್ ಬಂದ ತಕ್ಷಣ ತಲೆಸ್ನಾನ ಮಾಡಿ, ಅಲರ್ಜಿ ತರುವ ಹೂವಿನ ಪರಾಗ ಕೂದಲಲ್ಲೇ ಕೂತಿರುತ್ತದೆ ಅಲ್ವಾ.

ಪ್ರಶ್ನೆ ಕೇಳಿದವರು:
ಜ್ಯೂಸ್ ವಿಷಯ ಗೊತ್ತೇ ಇರಲಿಲ್ಲ! ನಾಳೆಯೇ ಡಾಕ್ಟರ್ ಹತ್ತಿರ ಹೋಗುತ್ತೇನೆ.