ದೊಡ್ಡಪ್ಪ ಹಾಕಿದ ಮಂಗನ ಫೋಟೋ

ಭಾನುವಾರ ಬೆಳಿಗ್ಗೆ 6:12. ‘ಹಳೇಮನೆ ಬಳಗ’ ಗುಂಪಿನಲ್ಲಿ ಇನ್ನೂ ಗುಡ್ ಮಾರ್ನಿಂಗ್ ಹೂವುಗಳು ಬೀಳುತ್ತಿದ್ದವು. ನಡುವೆ ಶಿವಮೊಗ್ಗದ ದೊಡ್ಡಪ್ಪ ಒಂದು ಫೋಟೋ ಹಾಕಿದರು. ಹತ್ತು ಹನ್ನೆರಡು ಮಂಗಗಳ ಮುಖ, ಸಾಲಾಗಿ, ಪಾಸ್‌ಪೋರ್ಟ್ ಫೋಟೋ ಥರ. ಕೆಳಗೆ ಬರಹ:

“ಆಫ್ರಿಕಾದ ಗೆನಾನ್ ಮಂಗಗಳನ್ನು ನೋಡಿ. ಒಂದೇ ಕಾಡು, ಒಂದೇ ಮರ, ಒಂದೇ ಹಣ್ಣು. ಆದರೂ ಪ್ರತಿ ಜಾತಿಗೂ ಬೇರೆ ಮುಖ. ತಮ್ಮ ಜಾತಿ ಬಿಟ್ಟು ಅವು ಎಂದೂ ಜೋಡಿ ಕಟ್ಟುವುದಿಲ್ಲ. ಇದನ್ನು ವಿದೇಶಿ ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ. ಮಂಗನಿಗೆ ಇರುವ ವಿವೇಕ ಇಂದಿನ ಮನುಷ್ಯನಿಗೆ ಇಲ್ಲ. ತಪ್ಪದೆ ಎಲ್ಲರಿಗೂ ಕಳುಹಿಸಿ.”

ಮೊದಲ ಐದು ನಿಮಿಷ ಕೈಮುಗಿದ ಚಿತ್ರಗಳು. ಯಾರೂ ಓದಿರಲಿಲ್ಲ ಅಂತ ನನ್ನ ಅಂದಾಜು. ಓದಿದ್ದರೆ ಕೈ ಮುಗಿಯುವ ಮುಂಚೆ ಸುಮಕ್ಕನೂ ಈ ಗುಂಪಿನಲ್ಲಿ ಇದ್ದಾಳೆ ಅನ್ನುವುದು ನೆನಪಾಗುತ್ತಿತ್ತು.

ರಾಘು: “ಮೂರನೇದು ನೋಡಿ. ಬಿಳಿ ಗಡ್ಡ, ಹಣೆಗೆ ಕಿತ್ತಳೆ ಪಟ್ಟಿ. ಥೇಟ್ ತೀರ್ಥಹಳ್ಳಿ ಮಾವ ಸತ್ಯನಾರಾಯಣ ಪೂಜೆಗೆ ಕೂತ ಹಾಗಿಲ್ವಾ?”

ತೀರ್ಥಹಳ್ಳಿ ಮಾವ: “ನಾನು ಇದೇ ಗುಂಪಿನಲ್ಲಿ ಇದ್ದೇನೆ ಕಣೋ.”

ಎಂಟೆಬ್ಬೆ ಭಾವ: “ಅದು ಡಿ ಬ್ರಾಜಾ ಮಂಗ, ಮಾವ. ಬಹಳ ಸಂಕೋಚದ್ದು, ಅಲುಗಾಡದೆ ಕೂತುಬಿಡುತ್ತದೆ. ಚೆನ್ನಾಗಿ ಈಜುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿ ಉಗಾಂಡಾದಲ್ಲಿ ನಮ್ಮ ಅಡುಗೆಮನೆ ಕಿಟಕಿಗೆ ಬರುವುದು ವರ್ವೆಟ್. ಕಪ್ಪು ಮುಖ, ಸುತ್ತ ಬಿಳಿ ಅಂಚು. ಅದೂ ಗೆನಾನ್ ಗುಂಪಿನದೇ. ಕಿಬಾಲೆ ಕಾಡಿಗೆ ಹೋದರೆ ಕೆಂಪು ಬಾಲದ್ದು ಸಿಗುತ್ತದೆ, ಮೂಗಿನ ಮೇಲೆ ಹೃದಯದ ಆಕಾರದ ಬಿಳಿ ಮಚ್ಚೆ. ನೀಲಿ ಮಂಗ ಅಂತ ಇನ್ನೊಂದಿದೆ. ನೀಲಿ ಏನೂ ಅಲ್ಲ, ಬೂದು.”

ಭಾವ ಯಾವಾಗಲೂ ಹೀಗೆ. ಜಗಳ ಶುರುವಾಗುವ ಹೊತ್ತಿಗೆ ಪ್ರವಾಸ ಕಥನ ಬಿಚ್ಚುತ್ತಾರೆ. ಈ ಸಲವೂ ತಡೆಯಲು ಆಗಲಿಲ್ಲ.

ಸುಮಕ್ಕ: “ದೊಡ್ಡಪ್ಪ, ಇದು ಯಾರಿಗೆ ಹಾಕಿದ್ದು?”

ದೊಡ್ಡಪ್ಪ: “ಯಾರಿಗೂ ಅಲ್ಲಮ್ಮ. ಜ್ಞಾನದ ವಿಷಯ. ಬಂತು, ಕಳುಹಿಸಿದೆ.”

ಹರೀಶ: “ಲಿಂಕ್ ಕೊಡಿ.”

ಹರೀಶ ನಮ್ಮ ಗುಂಪಿನ ತನಿಖಾಧಿಕಾರಿ. ಅಜ್ಜ ತೀರಿಕೊಂಡ ಸುದ್ದಿಗೂ ‘ಯಾರು ಹೇಳಿದ್ದು’ ಅಂತ ಕೇಳಿದ್ದವನು. ಅವನಿಗೆ ಲಿಂಕ್ ಯಾರೂ ಕೊಡುವುದಿಲ್ಲ. ಅವನೇ ಹುಡುಕಿಕೊಂಡು ಬರುತ್ತಾನೆ. ಈ ಸಲ ಅರ್ಧ ಗಂಟೆ ಬಿಟ್ಟು ಬಂದ.

ಹರೀಶ: “ಸಿಕ್ಕಿತು. 2014ರ ಅಧ್ಯಯನ, ನೇಚರ್ ಕಮ್ಯುನಿಕೇಶನ್ಸ್ ಪತ್ರಿಕೆಯಲ್ಲಿ ಬಂದಿದೆ. ನ್ಯೂಯಾರ್ಕ್ ಮತ್ತು ಎಕ್ಸೆಟರ್ ವಿಶ್ವವಿದ್ಯಾಲಯದವರು ಮಾಡಿದ್ದು. ಅಮೆರಿಕ, ಬ್ರಿಟನ್ನಿನ ಮೃಗಾಲಯಗಳಲ್ಲಿ, ನೈಜೀರಿಯಾದ ಒಂದು ಆಶ್ರಯಧಾಮದಲ್ಲಿ ಗೆನಾನ್‌ಗಳ ಫೋಟೋ ತೆಗೆದರು. ಮನುಷ್ಯರ ಮುಖ ಗುರುತು ಹಿಡಿಯುವ ಕಂಪ್ಯೂಟರ್ ವಿಧಾನಕ್ಕೆ ಅವನ್ನು ಕೊಟ್ಟು ನೋಡಿದರು. ಒಂದೇ ಜಾಗದಲ್ಲಿ ಬದುಕುವ ಪ್ರಭೇದಗಳ ಮುಖ ಒಂದಕ್ಕೊಂದು ಜಾಸ್ತಿ ಬೇರೆ ಆಗಿದೆ. ತಪ್ಪಿ ಬೇರೆ ಪ್ರಭೇದದ ಜೊತೆ ಕೂಡದಿರಲು ಹಾಗೆ ಬೆಳೆದಿರಬೇಕು ಅನ್ನುವುದು ಅವರ ವಾದ.”

ದೊಡ್ಡಪ್ಪ: “ನಾನೂ ಅದನ್ನೇ ಹೇಳಿದ್ದು.”

ಇಲ್ಲಿ ಒಂದು ಮಾತು. ಆ ಫಾರ್ವರ್ಡ್ ಪೂರ್ತಿ ಸುಳ್ಳಾಗಿದ್ದರೆ ಎರಡು ನಿಮಿಷದಲ್ಲಿ ಮುಗಿದುಹೋಗುತ್ತಿತ್ತು. ಅರ್ಧ ನಿಜ ಇತ್ತು, ಹಾಗಾಗಿ ಮಧ್ಯಾಹ್ನದವರೆಗೂ ಎಳೆಯಿತು.

ಹರೀಶ: “ಪೂರ್ತಿ ಕೇಳಿ. ‘ಎಂದೂ ಇಲ್ಲ’ ಅಂತ ಅದರಲ್ಲಿ ಎಲ್ಲೂ ಇಲ್ಲ. ಟಾಂಜಾನಿಯಾದ ಗೊಂಬೆಯಲ್ಲಿ ಕೆಂಪು ಬಾಲದ ಮಂಗ, ನೀಲಿ ಮಂಗ ಎರಡೂ ಇವೆ. ಅವು ಕೂಡುತ್ತವೆ. ಮರಿ ಹಾಕುತ್ತವೆ. ಆ ಮರಿಗಳು ದೊಡ್ಡದಾಗಿ ಅವಕ್ಕೂ ಮರಿ ಆಗುತ್ತವೆ. 2019ರಲ್ಲಿ ತಾಯಿ ಕಡೆಯಿಂದ ಬರುವ ಡಿಎನ್‌ಎ ನೋಡಿದರು. ಅಲ್ಲಿನ ನೀಲಿ ಮಂಗಗಳಲ್ಲಿ ಇರುವುದು ಕೆಂಪು ಬಾಲದ ಮಂಗಗಳ ಡಿಎನ್‌ಎ. ಅಂದರೆ ಹಿಂದೆ ಎಂದೋ ನೀಲಿ ಗಂಡುಗಳು ಹೊರಗಿನಿಂದ ಬಂದು, ಕೆಂಪು ಬಾಲದ ಹೆಣ್ಣುಗಳನ್ನು ಕೂಡಿವೆ. 2023ರಲ್ಲಿ ಬಂದ ಇನ್ನೊಂದು ಅಧ್ಯಯನ ಇಡೀ ಗೆನಾನ್ ವಂಶದಲ್ಲೇ ಹಳೆಯ ಕಾಲದಿಂದ ಬೆರಕೆ ನಡೆದಿದೆ ಅನ್ನುತ್ತದೆ. ಇಷ್ಟೊಂದು ಬಗೆ ಇರುವ ಕುಟುಂಬ, ಬೆರಕೆ ಆಗಿಯೂ ಇಷ್ಟೊಂದು ಬಗೆ.”

ರಾಘು: “ಅಂದರೆ ಮನೆ ಅಳಿಯಂದಿರು!”

ಮೈಸೂರು ಅತ್ತೆ: “ಯಾವ ಗೊಂಬೆ? ಅಮ್ಮನ ಪಟ್ಟದ ಗೊಂಬೆ ಸಿಕ್ಕಿತಾ?”

ಹರೀಶ: “ಅತ್ತೆ, ಗೊಂಬೆ ಅಂದರೆ ಟಾಂಗನಿಕಾ ಸರೋವರದ ದಡದ ಕಾಡು. ಜೇನ್ ಗುಡಾಲ್ ಚಿಂಪಾಂಜಿ ನೋಡುತ್ತಿದ್ದ ಜಾಗ.”

ಮೈಸೂರು ಅತ್ತೆ: “ಅದಿರಲಿ. ನವರಾತ್ರಿಗೆ ಅಮ್ಮ ಇಡುತ್ತಿದ್ದ ರಾಜ ರಾಣಿ, ಕರಿಮರದ್ದು. ಪಾಲಾದ ವರ್ಷ ಪೆಟ್ಟಿಗೆಯಲ್ಲಿ ಇತ್ತು. ಆಮೇಲೆ ಇಲ್ಲ. ನಾನು ಯಾರ ಹೆಸರೂ ಹೇಳುವುದಿಲ್ಲ.”

ಹೆಸರು ಹೇಳದೆ ಇದ್ದಾಗಲೇ ಎಲ್ಲರಿಗೂ ಗೊತ್ತಾಗುವುದು. ತೀರ್ಥಹಳ್ಳಿ ಅತ್ತೆ ತಕ್ಷಣ ‘ನಮ್ಮ ಮನೆಗೆ ಬಂದದ್ದು ಹಿತ್ತಾಳೆ ಹಂಡೆ ಮಾತ್ರ’ ಅಂತ ಬರೆದರು. ಹಂಡೆಯ ಫೋಟೋನೂ ಬಂತು. ರಾಘು ಅಷ್ಟರಲ್ಲಿ ಅಜ್ಜನ ತೋಟಕ್ಕೆ ಹೊರಟುಬಿಟ್ಟಿದ್ದ.

ರಾಘು: “ಮಂಗ ಅಂದ ಕೂಡಲೇ ನನಗೆ ಅಜ್ಜನ ಕವಣೆ ನೆನಪು. ಬಾಳೆಗೊನೆಗೆ ಕೆಂಪು ಮಂಗ, ಎಳೆ ಚಿಗುರಿಗೆ ಮುಸ್ಯ. ಕೆಂಪು ಮಂಗ ಗಲ್ಲದ ಚೀಲಕ್ಕೆ ತುಂಬಿಕೊಂಡು ಓಡುತ್ತಿತ್ತಲ್ಲ, ಬಾಯಿಗೆ ಎಲೆಅಡಿಕೆ ಹಾಕಿದ ಹಾಗೆ. ಅಜ್ಜ ಕೂಗುತ್ತಿದ್ದದ್ದು ಕೆರೆದಂಡೆಗೆ ಕೇಳುತ್ತಿತ್ತು. ಆ ದಿನ ಎಲ್ಲಿ ಹೋಯ್ತೋ.”

ಎಂಟೆಬ್ಬೆ ಭಾವ: “ಗೆನಾನ್‌ಗೂ ಗಲ್ಲದ ಚೀಲ ಇದೆ ರಾಘು. ನಮ್ಮ ಕೆಂಪು ಮಂಗಕ್ಕೆ ಪಕ್ಕದ ಮರದ ಮುಸ್ಯನಿಗಿಂತ ಆಫ್ರಿಕಾದ ಗೆನಾನೇ ಹತ್ತಿರದ ನೆಂಟ. ಮುಸ್ಯ ಬೇರೆ ಕವಲು, ಎಲೆ ತಿನ್ನುವ ಬಳಗ.”

ದೊಡ್ಡಪ್ಪ: “ಎಲ್ಲ ಓದಿದವರು ನೀವು. ಹಿರಿಯರು ಒಂದು ಒಳ್ಳೆಯ ಮಾತು ಹಾಕಿದರೆ ಅದನ್ನು ಸೀಳಿ ನೋಡುವುದೇ ಕೆಲಸ. ಸಂಸ್ಕಾರ ಇರಬೇಕು. ಇರುವ ಜಾಗದಲ್ಲಿ ಇದ್ದರೆ ಚೆಂದ.”

ಇಷ್ಟು ಹೊತ್ತು ಸುಮಕ್ಕ ಸುಮ್ನೆ ಇದ್ದಳು. ಅವಳ ಮದುವೆ ನಮ್ಮ ಪೈಕಿಯಲ್ಲಿ ಆದದ್ದಲ್ಲ. ಗುಂಪಿನಲ್ಲಿ ಯಾರೂ ಆ ವಿಷಯ ನೇರವಾಗಿ ಎತ್ತುವುದಿಲ್ಲ. ಇಂಥ ಫಾರ್ವರ್ಡ್‌ಗಳು ಎತ್ತುತ್ತವೆ.

ಸುಮಕ್ಕ: “ದೊಡ್ಡಪ್ಪ, ನೀವು ನನ್ನ ಮದುವೆಗೆ ಬರಲಿಲ್ಲ. ಅಡಿಕೆ ಕೊನೆಕೊಯ್ಲು ಅಂದಿರಿ. ಮೇ ತಿಂಗಳಲ್ಲಿ ಯಾವ ಕೊನೆಕೊಯ್ಲು?”

ಒಂಬತ್ತು ಜನ ನೋಡಿದರು. ಯಾರೂ ಬರೆಯಲಿಲ್ಲ.

ಸುಮಕ್ಕ: “ನಾನೂ ಮಂಗನ ವಿಷಯ ಓದಿದೆ, ಹರೀಶನೇ ಕಳುಹಿಸಿದ. ಐವರಿ ಕೋಸ್ಟ್‌ನಲ್ಲಿ ತಾಯಿ ಅನ್ನುವ ಕಾಡಿದೆ. ಅಲ್ಲಿ ಡಯಾನಾ ಮಂಗಗಳು, ಕ್ಯಾಂಪ್‌ಬೆಲ್ ಮಂಗಗಳು ಬೇರೆ ಬೇರೆ ಪ್ರಭೇದ. ಒಟ್ಟಿಗೆ ತಿರುಗುತ್ತವೆ, ಒಟ್ಟಿಗೆ ತಿನ್ನುತ್ತವೆ. ಕ್ಯಾಂಪ್‌ಬೆಲ್ ಗಂಡಿಗೆ ಚಿರತೆ ಕಂಡರೆ ಒಂದು ಕೂಗು, ಹದ್ದು ಕಂಡರೆ ಇನ್ನೊಂದು. ಅದು ಕೂಗಿದರೆ ಡಯಾನಾಗಳಿಗೂ ಅರ್ಥ ಆಗುತ್ತದೆ, ಅವೂ ಎಚ್ಚೆತ್ತು ಕೂಗುತ್ತವೆ. ಮುಖ ಬೇರೆ ಅಂತ ಯಾವುದೂ ಯಾವುದನ್ನೂ ದೂರ ಕೂರಿಸುವುದಿಲ್ಲ. ಕಳೆದ ವರ್ಷ ಅಜ್ಜನ ತಿಥಿಗೆ ನಾವು ಬಂದಾಗ ನನ್ನ ಗಂಡನಿಗೆ ಎಲೆ ಹಾಕಿದ್ದು ಎಲ್ಲಿ ಅಂತ ನಿಮಗೆ ನೆನಪಿದೆಯಾ? ಹಿಂದಿನ ಜಗಲಿಯಲ್ಲಿ, ಒಬ್ಬರಿಗೇ.”

ತೀರ್ಥಹಳ್ಳಿ ಮಾವ: “ಅವತ್ತು ಜಾಗ ಸಾಲಲಿಲ್ಲ ಅಲ್ವಾ?”

ಹರೀಶ: “ಒಳಗೆ ಆರು ಎಲೆ ಖಾಲಿ ಇತ್ತು. ಬಡಿಸಿದ್ದು ನಾನು.”

ಇಷ್ಟು ವರ್ಷದಲ್ಲಿ ಹರೀಶ ಲಿಂಕ್ ಇಲ್ಲದೆ ಹೇಳಿದ ಮೊದಲ ಮಾತು ಇದೇ ಇರಬೇಕು.

ದೊಡ್ಡಪ್ಪ ಆನ್‌ಲೈನ್ ಇದ್ದರು. ಉತ್ತರ ಬಂದದ್ದು ದೊಡ್ಡಮ್ಮನಿಂದ. ಅವರು ಗುಂಪಿನಲ್ಲಿ ಇದ್ದಾರೆ ಅನ್ನುವುದೇ ನಮಗೆ ಮರೆತುಹೋಗಿತ್ತು. ಅವರ ಫೋಟೋ ಜಾಗದಲ್ಲಿ ಇವತ್ತಿಗೂ ಒಂದು ದಾಸವಾಳ.

ದೊಡ್ಡಮ್ಮ: “ಮುಂದಿನ ತಿಂಗಳು 8ಕ್ಕೆ ತಿಥಿ. ಅಡುಗೆ ನನ್ನದು. ಈ ಸಲ ಎಲೆ ಹಾಕಿಸುವುದೂ ನಾನೇ. ಸುಮಾ, ಇಬ್ಬರೂ ಬನ್ನಿ. ಮಂಗನ ವಿಷಯ ಇಲ್ಲಿಗೆ ಸಾಕು.”

ಹತ್ತು ನಿಮಿಷ ಬಿಟ್ಟು ಅಮೆರಿಕದ ಚಿಕ್ಕಪ್ಪ ನಿದ್ದೆಯಿಂದ ಎದ್ದರು. ಹಿಂದಿನ ಒಂದು ಸಾಲೂ ಓದದೆ, ಅದೇ ಮಂಗಗಳ ಫೋಟೋವನ್ನು ಬೇರೆ ಬರಹದ ಜೊತೆ ಹಾಕಿದರು: “ಕಾಂಗೋ ಕಾಡಿನಲ್ಲಿ ಮನುಷ್ಯನ ಕಣ್ಣಿನ ಮಂಗ ನಿನ್ನೆ ಪತ್ತೆ!”

ಹರೀಶ: “ನಿನ್ನೆ ಅಲ್ಲ ಚಿಕ್ಕಪ್ಪ. ಅದು ಲೆಸುಲಾ. ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 2007ರಲ್ಲಿ, ಒಬ್ಬ ಶಾಲಾ ಮುಖ್ಯಸ್ಥರ ಮನೆಯಲ್ಲಿ ಸಾಕಿದ್ದ ಮರಿ. ಹೊಸ ಪ್ರಭೇದ ಅಂತ ಪ್ರಕಟವಾದದ್ದು 2012ರಲ್ಲಿ. ಅಲ್ಲಿನ ಬೇಟೆಗಾರರಿಗೆ ಮೊದಲಿಂದಲೂ ಗೊತ್ತಿತ್ತು. ಲೆಸುಲಾ ಅನ್ನುವುದು ಅವರು ಕರೆಯುತ್ತಿದ್ದ ಹೆಸರೇ.”

ಅಮೆರಿಕ ಚಿಕ್ಕಪ್ಪ: “ಓ, ಸೂಪರ್. ಸಾಕಬಹುದಾ?”

ಎಂಟೆಬ್ಬೆ ಭಾವ: “ಬೇಡ. ಮಾಂಸಕ್ಕೆ ಅಂತ ಬೇಟೆಯಾಡಿ ಮುಗಿಸುತ್ತಿದ್ದಾರೆ, ಅದೇ ಸಾಕು.”

ಮಧ್ಯಾಹ್ನ ಊಟದ ಹೊತ್ತಿಗೆ ದೊಡ್ಡಪ್ಪ ಬರೆದರು. ಮಂಗನ ಬಗ್ಗೆ ಇಲ್ಲ, ಮೇ ತಿಂಗಳ ಬಗ್ಗೆ ಇಲ್ಲ.

ದೊಡ್ಡಪ್ಪ: “ತಿಥಿಗೆ ಎಷ್ಟು ಜನ ಅಂತ ಶುಕ್ರವಾರದ ಒಳಗೆ ತಿಳಿಸಿ. ಬಾಳೆ ಎಲೆ ಲೆಕ್ಕಕ್ಕೆ ಬೇಕು.”

ರಾಘು: “ನಮ್ಮದು ನಾಲ್ಕು.”

ಸುಮಕ್ಕ: “ಇಬ್ಬರು.”

ಮೈಸೂರು ಅತ್ತೆ: “ನಾನೊಬ್ಬಳೇ. ಪಟ್ಟದ ಗೊಂಬೆಗೆ ಯಾರೂ ಉತ್ತರ ಕೊಡಲಿಲ್ಲ.”