ಮೆಟಾಲಿಕಾದ ಹಳೆಯ ಆಲ್ಬಮ್, ಹೊಸ ಆಲ್ಬಮ್: ಕಕ್ಕಡದ ಮಳೆಯಲ್ಲಿ ಹೋಲಿಸಿ ಕೇಳೋದು ಹೇಗೆ?

ವಿರಾಜಪೇಟೆ_ಡ್ರಮ್ಸ್

ಕೊಡಗಿನ ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ) ತೋಟದ ಕೆಲಸ ಕಡಿಮೆ. ಒಂದು ಸಂಜೆ ಏಳೆಂಟು ಜನ ಮೂರು ಗಂಟೆ ಕೂತು ಅಮೆರಿಕದ ಹೆವಿ ಮೆಟಲ್ ತಂಡ ಮೆಟಾಲಿಕಾದ ಹಳೇದು, ಹೊಸದು ಎದುರುಬದುರು ಇಟ್ಟು ಕೇಳಬೇಕು. 1983ರ 'ಕಿಲ್ ಎಮ್ ಆಲ್'ನಿಂದ 2023ರ '72 ಸೀಸನ್ಸ್'ವರೆಗೆ ಎಲ್ಲವನ್ನೂ ಹಾಕೋಕೆ ಹೊತ್ತಿಲ್ಲ. ಯಾವ ಜೋಡಿ ಇಡಬೇಕು? ಗೆರೆ ಎಳೆಯೋದು 1991ರ 'ಮೆಟಾಲಿಕಾ' ಅನ್ನೋ ಕಪ್ಪು ಆಲ್ಬಮ್‌ನಲ್ಲೋ? ಇನ್ನೊಂದು ತೊಡಕು: ಹಳೇದು ಮುಗಿದು ಹೊಸದು ಶುರುವಾದ ಕೂಡಲೇ ಎಲ್ಲರಿಗೂ ಹೊಸದೇ ಭರ್ಜರಿ ಅನ್ನಿಸುತ್ತೆ. ಹಾಲ್‌ಗೆ ಶೀಟಿನ ಮಾಡು (ಚಾವಣಿ), ಮಳೆಯ ಸದ್ದೂ ಸೇರುತ್ತೆ.

ತಡಿಯಂಡಮೋಳ್

ಆ ಭರ್ಜರಿಯಲ್ಲಿ ಅರ್ಧಪಾಲು ವಾಲ್ಯೂಮ್‌ದು. 2008ರ 'ಡೆತ್ ಮ್ಯಾಗ್ನೆಟಿಕ್' ತಗೊಳ್ಳಿ. ಸದ್ದು ಏರಿಸೋ ಹಟದಲ್ಲಿ ಅದರ ಶಿಖರಗಳನ್ನೆಲ್ಲ ಕತ್ತರಿಸಿಬಿಟ್ಟಿದ್ದಾರೆ. ಜೋರಿನ ಶಿಖರಕ್ಕೂ ಸರಾಸರಿ ಸದ್ದಿಗೂ ಇರೋ ಅಂತರ ಅಳೆಯೋ ಡೈನಮಿಕ್ ರೇಂಜ್ ಮೀಟರ್‌ನಲ್ಲಿ ಅದು ಸುಮಾರು 3 ತೋರಿಸುತ್ತೆ, ಎಂಬತ್ತರ ದಶಕದ ಮೊದಲ ಸಿ.ಡಿ.ಗಳು 10ರ ಮೇಲೆ. ಮಾಸ್ಟರಿಂಗ್ (ಕೊನೆಯ ಹಂತದಲ್ಲಿ ಸದ್ದಿನ ಹದ) ಮಾಡಿದ ಟೆಡ್ ಜೆನ್ಸನ್, ಮಿಕ್ಸ್ (ವಾದ್ಯಗಳನ್ನೆಲ್ಲ ಒಟ್ಟು ಸೇರಿಸಿದ್ದು) ತಮ್ಮ ಕೈಗೆ ಬರುವಾಗಲೇ ಹಾಗಿತ್ತು ಅಂದಿದ್ದರು.

ಫೈಲ್‌ಗಳಿದ್ದರೆ ಫೂಬಾರ್2000ರಲ್ಲಿ (ಕಂಪ್ಯೂಟರಿನ ಪ್ಲೇಯರ್) ಹಾಡುಗಳ ಸದ್ದನ್ನು ಸಮ ಮಾಡೋ ರಿಪ್ಲೇಗೇನ್ ಸ್ಕ್ಯಾನ್ ಮಾಡಿ, ಟ್ರ್ಯಾಕ್ ಮೋಡ್‌ನಲ್ಲಿ ಕೇಳಿ. ಸಿ.ಡಿ. ಆದರೆ ಫೋನಿನ ಡೆಸಿಬಲ್ ಮೀಟರ್ ಸಾಕು: ಸಿ ವೇಟಿಂಗ್, ಸ್ಲೋ ಅನ್ನೋ ಸೆಟ್ಟಿಂಗ್ ಆರಿಸಿ, ನಡುವಿನ ಕುರ್ಚಿಯಲ್ಲಿ ಇಟ್ಟು ಪಲ್ಲವಿಯ 30 ಸೆಕೆಂಡ್ ಅಳೆಯಿರಿ. ಎರಡೂ ಹಾಡು 1 ಡೆಸಿಬಲ್ ಒಳಗೆ ಕೂಡುವ ತನಕ ಆಂಪ್‌ನ ಗುಬ್ಬಿ ತಿರುಗಿಸಿ, ಆ ಜಾಗಕ್ಕೆ ಟೇಪ್ ಅಂಟಿಸಿ. ಸ್ಪೀಕರ್ ಮೂಲೆಯಿಂದ ಎರಡಡಿ ಈಚೆಗಿರಲಿ, ಇಲ್ಲದಿದ್ದರೆ ಗೋಡೆಯೇ ಬಾಸ್ ಸೇರಿಸುತ್ತೆ.

ಶೀಟ್ ಮೇಲೆ ಮಳೆ ಬಡಿಯುವಾಗ ಸೋಲೋದು ಹಳೆಯ ಆಲ್ಬಮ್ಮೇ. 'ರೈಡ್ ದ ಲೈಟ್ನಿಂಗ್', 'ಮಾಸ್ಟರ್ ಆಫ್ ಪಪೆಟ್ಸ್' ಎರಡೂ ಮೆಲ್ಲಗಿನ ಅಕೌಸ್ಟಿಕ್ ಗಿಟಾರ್‌ನಿಂದ ಶುರುವಾಗುತ್ತವೆ. ಮಳೆಯಲ್ಲಿ ಅದು ಕೇಳಿಸೋದಿಲ್ಲ, ಯಾರೋ ವಾಲ್ಯೂಮ್ ಏರಿಸ್ತಾರೆ, ಎಲೆಕ್ಟ್ರಿಕ್ ಗಿಟಾರ್ ಬಂದಾಗ ಆಂಪ್ ಒಡೆದ ಸದ್ದು ಕೊಡುತ್ತೆ. ಹೊಸದರಲ್ಲಿ ಅಷ್ಟು ತಗ್ಗೇ ಇಲ್ಲ, ಮುಳುಗೋದಕ್ಕೆ. ಹಾಡು ನಿಲ್ಲಿಸಿ ಬರೀ ಮಳೆಯನ್ನು ಅಳೆಯಿರಿ. ಆ ಮೆಲ್ಲಗಿನ ಭಾಗ ಮಳೆಗಿಂತ 10 ಡೆಸಿಬಲ್ ಆದರೂ ಮೇಲಿರಬೇಕು. ಆಗದಿದ್ದರೆ ಆರ್.ಸಿ.ಸಿ. ಮಾಡಿನ ಕೋಣೆ ನೋಡಿ, ಇಲ್ಲವೇ ಸೆಪ್ಟೆಂಬರಿನ ಕೈಲ್‌ಪೋಳ್ದ್ ಹಬ್ಬ ಕಳೆದು ಮಳೆ ಇಳಿದ ಮೇಲೆ ಇಟ್ಟುಕೊಳ್ಳಿ.

ಗೋಣಿಕೊಪ್ಪ_ಬಾಸ್

ಗೆರೆ 1991ರಲ್ಲಲ್ಲ, 1986ರ ಸೆಪ್ಟೆಂಬರ್ 27ರಲ್ಲಿ. ಸ್ವೀಡನ್ನಿನ ಬಸ್ ಅಪಘಾತದಲ್ಲಿ ಬಾಸ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡ ದಿನ ಅದು. ಮೊದಲ ಮೂರು ಆಲ್ಬಮ್‌ಗಳಲ್ಲಿ ಬಾಸ್ ತನ್ನದೇ ದಾರಿಯಲ್ಲಿ ನಡೆಯುತ್ತೆ. 'ಮಾಸ್ಟರ್'ನ ವಾದ್ಯಕೃತಿ 'ಓರಾಯನ್' ಕೇಳಿದರೆ ಗೊತ್ತಾಗುತ್ತೆ. 1988ರ '...ಆ್ಯಂಡ್ ಜಸ್ಟಿಸ್ ಫಾರ್ ಆಲ್'ನಲ್ಲಿ ಅವರ ಜಾಗಕ್ಕೆ ಬಂದ ಜೇಸನ್ ನ್ಯೂಸ್ಟೆಡ್ ನುಡಿಸಿದ್ದು ಗಿಟಾರ್‌ನ ಸಾಲನ್ನೇ, ಅದರ ಮೇಲೆ ತಂಡವೇ ಹೇಳಿ ಬಾಸ್ ಇಳಿಸಿತು. ಈಕ್ವಲೈಸರ್‌ನಲ್ಲಿ 100 ಹರ್ಟ್ಸ್ ಏರಿಸಿದರೆ ಕಿಕ್ ಡ್ರಮ್ಮೇ ಉಬ್ಬುತ್ತೆ, ಬಾಸ್ ಬರೋದಿಲ್ಲ. 2018ರದ್ದು ರೀಮಾಸ್ಟರ್, ರೀಮಿಕ್ಸ್ ಅಲ್ಲ, ಅಲ್ಲೂ ಹುಡುಕಬೇಡಿ.

ಜೋಡಿಗೆ ನಾಲ್ಕು ಹಾಡು, ಸುಮಾರು ಅರ್ಧ ಗಂಟೆ. ಮಾತಿಗೆ ಕಾಲು ಗಂಟೆ. ಮೂರು ಗಂಟೆಗೆ ನಾಲ್ಕು ಜೋಡಿ ಸರಿಹೋಗುತ್ತೆ. 'ಕಿಲ್ ಎಮ್ ಆಲ್' ಎದುರು '72 ಸೀಸನ್ಸ್': 10 ಹಾಡು 51 ನಿಮಿಷ, 12 ಹಾಡು 77 ನಿಮಿಷ. ವೇಗ ಎರಡರಲ್ಲೂ ಇದೆ, ಕತ್ತರಿ ಹಾಕುವ ಧೈರ್ಯ ಮೊದಲನೆಯದರಲ್ಲಿ ಮಾತ್ರ. 'ರೈಡ್' ಎದುರು 'ಡೆತ್ ಮ್ಯಾಗ್ನೆಟಿಕ್'. 'ಜಸ್ಟಿಸ್' ಎದುರು 2003ರ 'ಸೇಂಟ್ ಆ್ಯಂಗರ್': ಒಂದರಲ್ಲಿ ಬಾಸ್ ಇಲ್ಲ, ಇನ್ನೊಂದರಲ್ಲಿ ಗಿಟಾರ್ ಸೋಲೋ ಇಲ್ಲ, ಸ್ನೇರ್‌ನ ತಂತಿ ಸಡಿಲಿಸಿದ್ದಕ್ಕೆ ಡ್ರಮ್ ಡಬ್ಬಿಯಂತೆ ಕಣಗುಡುತ್ತೆ.

ಕೊನೆಯ ಜೋಡಿ ಮುಖ್ಯ. 'ಮಾಸ್ಟರ್ ಆಫ್ ಪಪೆಟ್ಸ್' ಶೀರ್ಷಿಕೆ ಗೀತೆ 8 ನಿಮಿಷ 35 ಸೆಕೆಂಡ್. '72 ಸೀಸನ್ಸ್'ನ 'ಇನಮೊರಾಟಾ' 11 ನಿಮಿಷ 10 ಸೆಕೆಂಡ್, ತಂಡ ತಾನೇ ಬರೆದ ಹಾಡುಗಳ ಸ್ವಂತ ಆಲ್ಬಮ್‌ಗಳಲ್ಲೇ ಅತಿ ಉದ್ದದ ಹಾಡು. ಉದ್ದದ ಹಾಡು ಹಳೆಯ ಕಾಲಕ್ಕೇ ಮುಗೀತು ಅನ್ನೋರಿಗೆ ಇದನ್ನು ಹಾಕಿ. ಮಧ್ಯದಲ್ಲಿ ಎಲ್ಲ ತಣ್ಣಗಾಗಿ ಈಗಿನ ಬಾಸ್ ವಾದಕ ರಾಬರ್ಟ್ ಟ್ರುಹಿಯೊನ ಬಾಸ್ ಮುಂದೆ ಬರುತ್ತೆ. ಈ ಜೋಡಿಯಲ್ಲಿ ಉಳಿದ ಹೊತ್ತಿಗೆ 'ಓರಾಯನ್' ಇರಲಿ.

ಆರನೇ_ತಂತಿ

ಯಾರಾದರೂ ಗಿಟಾರ್ ತರ್ತಾರೆ, ಶ್ರುತಿ ಕೂಡೋದಿಲ್ಲ, ಅದಕ್ಕೆ ಇದು. 'ಕಿಲ್ ಎಮ್ ಆಲ್', 'ರೈಡ್' ಎರಡರ ಶ್ರುತಿ ಟ್ಯೂನರ್‌ನ ಮಾಮೂಲಿ ಎ 440 ಹರ್ಟ್ಸ್‌ಗಿಂತ ತುಸು ಮೇಲೆ. ಟ್ಯೂನರ್ ಬಿಟ್ಟು ಆರನೇ ತಂತಿಯನ್ನು ರೆಕಾರ್ಡಿಂಗ್‌ನ ಇ ಸ್ವರಕ್ಕೆ ಕಿವಿಯಲ್ಲೇ ಕೂಡಿಸಿ, ಉಳಿದ ಐದನ್ನು ಅದಕ್ಕೆ ಹೊಂದಿಸಿ. 1996ರ 'ಲೋಡ್' ಹಾಫ್ ಸ್ಟೆಪ್ (ಅರ್ಧ ಸ್ವರ) ಕೆಳಗೆ. 'ಸೇಂಟ್ ಆ್ಯಂಗರ್' ಬಹುತೇಕ ಡ್ರಾಪ್ ಸಿ, ಅಂದರೆ ಆರನೇ ತಂತಿ ಇ ಬದಲು ಸಿ ಸ್ವರಕ್ಕೆ ಇಳಿದಿರುತ್ತೆ. 10–46 ದಪ್ಪದ (ಇಂಚಿನ ಸಾವಿರದ ಲೆಕ್ಕ) ತಂತಿಯಲ್ಲಿ ಆರನೆಯದು ಸಡಿಲವಾಗಿ ಫ್ರೆಟ್‌ಗೆ ಬಡಿಯುತ್ತೆ, ಜೋರಾಗಿ ಮೀಟಿದರೆ ಸ್ವರ ಮೇಲೇಳುತ್ತೆ. 12–56 ಆದರೂ ಹಾಕಿ. ಬರೀ ಒಂದು ಹಾಡಿಗಾಗಿ ಗಿಟಾರ್ ಮೇಲೆ ಅಷ್ಟು ಎಳೆತ ಬದಲಿಸೋದು ಬೇಡ, ಎರಡನೇ ಗಿಟಾರ್ ಇದ್ದರೆ ಮಾತ್ರ.

ಮಳೆಗಾಲದಲ್ಲಿ ಮರ ತೇವ ಕುಡಿದು ಕುತ್ತಿಗೆ ಬಾಗುತ್ತೆ. ಕೇಸ್‌ನಲ್ಲಿ ಸಿಲಿಕಾ ಜೆಲ್ ಇಡಿ. ಟ್ರಸ್ ರಾಡ್ (ಕುತ್ತಿಗೆಯೊಳಗಿನ ಲೋಹದ ಸಲಾಕೆ) ಮುಟ್ಟಲೇಬೇಕಾದರೆ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ.

ವಿರಾಜಪೇಟೆ_ಡ್ರಮ್ಸ್

ನಾಲ್ಕು ಜೋಡಿ ಖಾಯಂ. ಕಪ್ಪು ಆಲ್ಬಮ್ ಪೂರ್ತಿ ಬಿಟ್ಟುಹೋಯಿತಲ್ಲ?

ಗೋಣಿಕೊಪ್ಪ_ಬಾಸ್

ಜನ ಬಂದು ಕೂರುವಾಗ ಅದನ್ನು ಹಾಕಿ. ಆಲ್ಬಮ್ ನಿರ್ಮಾಪಕ ಬಾಬ್ ರಾಕ್ ಬಾಸ್, ಡ್ರಮ್ ಎರಡನ್ನೂ ನೆಲಕ್ಕೆ ಕಚ್ಚಿ ನಿಲ್ಲಿಸಿದ್ದಾರೆ. ಮೀಟರ್, ಸ್ಪೀಕರ್ ಸರಿಮಾಡೋಕೆ ಅದಕ್ಕಿಂತ ಒಳ್ಳೆಯ ಆಲ್ಬಮ್ ಇವರದ್ದರಲ್ಲಿ ಇಲ್ಲ.