ಮ್ಯಾನ್‌ಹಟನ್‌ನ ಆಫ್ರಿಕನ್ ಸ್ಮಶಾನ: ಮೂಳೆಗಳು ಉಳಿದದ್ದು ಹೇಗೆ? ಹೋದರೆ ಏನು ನೋಡಬೇಕು?

ಪ್ರಶ್ನೆ (ದೂರದಾರಿ): 1991ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಸರ್ಕಾರಿ ಕಟ್ಟಡಕ್ಕೆ ಪಾಯ ತೋಡುವಾಗ ಗುಲಾಮಗಿರಿಯ ಕಾಲದ ಆಫ್ರಿಕನ್ನರ ಸಮಾಧಿಗಳು ಸಿಕ್ಕವಲ್ಲ, ಮಕ್ಕಳ ಜತೆ ಅಲ್ಲಿಗೆ ಹೋಗುವವರಿದ್ದೇವೆ. ಅಷ್ಟೊಂದು ಕಟ್ಟಡ ಎದ್ದ ಜಾಗದಲ್ಲಿ ಮೂಳೆ ಹೇಗೆ ಉಳಿದವು? ಹೊರತೆಗೆದ ಮೂಳೆಗಳನ್ನು ಮತ್ತೆ ಹೂಳಿದರಾ, ಮ್ಯೂಸಿಯಂನಲ್ಲಿಟ್ಟರಾ?

ಹಳೆನಕ್ಷೆ: ಆ ಜಾಗ ಆಗ ತಗ್ಗಿನಲ್ಲಿತ್ತು. 1794ರ ಹೊತ್ತಿಗೆ ಹೂಳುವುದು ನಿಂತ ಮೇಲೆ ಸೈಟು ಮಾಡಲು 16ರಿಂದ 25 ಅಡಿ ಮಣ್ಣು ಸುರಿದು ಮಟ್ಟ ಮಾಡಿದರು. ಮುಂದೆ ಎದ್ದ ಮನೆಗಳ ನೆಲಮಾಳಿಗೆ ಎಷ್ಟೋ ಕಡೆ ಈ ಹೇರು ಮಣ್ಣನ್ನು ದಾಟಿ ಕೆಳಗಿಳಿಯಲೇ ಇಲ್ಲ. 1755ರ ನಕ್ಷೆಯಲ್ಲಿ ಸ್ಮಶಾನದ ಹೆಸರು ಸ್ಪಷ್ಟವಾಗಿದೆ. ಆದರೂ ಕೆಲಸಕ್ಕೆ ಮುಂಚಿನ ವರದಿ, ಒಂದು ಹಳೆಯ ಓಣಿಯ ಕೆಳಗೆ ಬಿಟ್ಟರೆ ಉಳಿದದ್ದೆಲ್ಲ ಹಾಳಾಗಿರುತ್ತದೆ ಎಂದುಕೊಂಡಿತು. ಮಣ್ಣಿನ ಆಳವನ್ನು ಸರಿಯಾಗಿ ಲೆಕ್ಕ ಹಾಕದ ಈ ಒಂದು ತಪ್ಪಿಗೆ ತೆತ್ತ ಬೆಲೆ ದೊಡ್ಡದು. ಅಗೆತಕ್ಕೆ ಸಮಯ ಸಾಲಲಿಲ್ಲ, ಕೆಲವು ಸಮಾಧಿಗಳ ಮೇಲೆ ಕಾಂಕ್ರೀಟೇ ಬಿತ್ತು. ಕಪ್ಪು ಜನರ ಹೋರಾಟದಿಂದ 1992ರಲ್ಲಿ ಅಗೆತ ನಿಂತಿತು. ಹೊರತೆಗೆದದ್ದು 419 ಜನರನ್ನು. ಹೂಳಿದ್ದವರು ಸುಮಾರು 15,000 ಎಂಬ ಅಂದಾಜಿದೆ. ಉಳಿದ ಸಮಾಧಿಗಳ ಮೇಲೆ ಇವತ್ತಿಗೂ ರಸ್ತೆ, ಕಟ್ಟಡಗಳಿವೆ.

ಮೂಳೆಓದು: ಮಕ್ಕಳಿಗೆ ಇದನ್ನು ಹೇಳಿ. ಹೆಣಕ್ಕೆ ಸುತ್ತಿದ ಬಟ್ಟೆ ಕರಗಿಹೋಗಿತ್ತು, ಅದಕ್ಕೆ ಚುಚ್ಚಿದ್ದ ತಾಮ್ರದ ಗುಂಡುಪಿನ್ನಿನ ಹಸಿರು ಕಲೆ ಬುರುಡೆಯ ಮೇಲೆ ಉಳಿದಿತ್ತು. ಶವಪೆಟ್ಟಿಗೆ ಎಂದರೆ ಮಣ್ಣಿನಲ್ಲಿ ಒಂದು ಕಪ್ಪು ಗೆರೆ, ಅದರ ಗುಂಟ ಮೊಳೆಗಳು. ಹೆಚ್ಚಿನವರ ತಲೆ ಪಶ್ಚಿಮಕ್ಕೆ. 340ನೇ ಸಮಾಧಿಯ ಹೆಂಗಸಿನ ಸೊಂಟದಲ್ಲಿ, ನಾವು ಉಡುದಾರ ಕಟ್ಟುವ ಜಾಗದಲ್ಲೇ, ಗಾಜಿನ ಮಣಿ ಮತ್ತು ಕವಡೆಯ ಸರವಿತ್ತು. ಆಫ್ರಿಕಾದ ರೂಢಿಯಂತೆ ಹಲ್ಲುಗಳನ್ನು ತೇದು ಆಕಾರ ಕೊಟ್ಟಿದ್ದರಿಂದ ಆಫ್ರಿಕಾದಲ್ಲೇ ಹುಟ್ಟಿದವಳಿರಬೇಕು. ಆಗ ಗುಲಾಮಗಿರಿಯಲ್ಲಿದ್ದವರ ಶವದ ಹಿಂದೆ 12ಕ್ಕಿಂತ ಹೆಚ್ಚು ಜನ ಹೋಗುವಂತಿರಲಿಲ್ಲ, ರಾತ್ರಿ ಹೂಳುವಂತಿರಲಿಲ್ಲ. ಅಂಥ ಕಟ್ಟಳೆಯ ನಡುವೆಯೂ ಯಾರೋ ಆ ಸರ ಬಿಚ್ಚದೆ ಹಾಗೇ ಕಳಿಸಿಕೊಟ್ಟಿದ್ದಾರೆ.

ದೂರದಾರಿ: ಅಲ್ಲಿ ಒಂದು ಶವಪೆಟ್ಟಿಗೆಯ ಮೇಲೆ ಸಿಕ್ಕ ಹೃದಯದ ಆಕಾರದ ಗುರುತು ಸಾಂಕೋಫಾ (ಹಿಂದಿನದನ್ನು ಮರಳಿ ತಂದುಕೋ ಎಂಬ ಅರ್ಥದ ಆಫ್ರಿಕನ್ ಸಂಕೇತ) ಅಂತಾರಲ್ಲ, ಖಚಿತವೇ?

ಮೂಳೆಓದು: ಇಲ್ಲ, ವಿದ್ವಾಂಸರಲ್ಲಿ ಒಮ್ಮತವಿಲ್ಲ. 101ನೇ ಸಮಾಧಿಯ ಪೆಟ್ಟಿಗೆಯ ಮುಚ್ಚಳಕ್ಕೆ ಸಣ್ಣ ಮೊಳೆ ಹೊಡೆದು ಮಾಡಿದ ಆಕಾರ ಅದು. ಘಾನಾದ ಅಕಾನ್ ಜನರ ಗುರುತು ಎಂದು ಕೆಲವರು, ಆ ಕಾಲದ ಸಾಮಾನ್ಯ ಹೃದಯದ ಅಲಂಕಾರ ಎಂದು ಕೆಲವರು. ಮಕ್ಕಳಿಗೆ ಎರಡನ್ನೂ ಹೇಳಿ.

ಕಲ್ಲುಮಂಟಪ: ಮ್ಯೂಸಿಯಂನಲ್ಲಿ ಇಟ್ಟಿಲ್ಲ, ಅಲ್ಲೇ ಹೂಳಿದರು. ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಬ್ಲೇಕಿ ಅವರ ತಂಡದ ಅಧ್ಯಯನ ಮುಗಿದ ಮೇಲೆ, ಘಾನಾದಲ್ಲಿ ಕೈಯಿಂದ ಕೆತ್ತಿದ ಪೆಟ್ಟಿಗೆಗಳಲ್ಲಿ 419 ಜನರನ್ನೂ ಇಟ್ಟು, 2003ರ ಅಕ್ಟೋಬರ್ 4ರಂದು ಮಣ್ಣು ಮಾಡಿದರು. ಹುಲ್ಲಿನ 7 ದಿಬ್ಬಗಳು ಕಾಣುತ್ತವಲ್ಲ, ಇವರು ಇರುವುದು ಅಲ್ಲೇ. ಅದಕ್ಕೇ ಮಕ್ಕಳನ್ನು ಅದರ ಮೇಲೆ ಹತ್ತಲು ಬಿಡಬೇಡಿ. ರಾಡ್ನಿ ಲಿಯೋನ್ ವಿನ್ಯಾಸದ ಸ್ಮಾರಕ (2007) ಡುವಾನ್ ಮತ್ತು ಎಲ್ಕ್ ಬೀದಿ ಸೇರುವಲ್ಲಿದೆ. ಮೊದಲು ಅಲ್ಲಿ ಇಳಿಜಾರಿನಲ್ಲಿ ನಿಧಾನವಾಗಿ ಕೆಳಗಿಳಿಯಿರಿ, ಬೀದಿಯ ಮಟ್ಟಕ್ಕಿಂತ ಕೆಳಗೆ ಹೋದಾಗ ಆಳದ ಅನುಭವ ಸಿಗುತ್ತದೆ. ಆಮೇಲೆ 290 ಬ್ರಾಡ್‌ವೇಯ ಮಾಹಿತಿ ಕೇಂದ್ರ. ಅದು ಸರ್ಕಾರಿ ಕಚೇರಿ ಕಟ್ಟಡ, ವಿಮಾನ ನಿಲ್ದಾಣದ ಥರ ತಪಾಸಣೆ ಇರುತ್ತದೆ, ಚಾಕು ಕತ್ತರಿ ಬ್ಯಾಗಿನಲ್ಲಿ ಬೇಡ. ಪ್ರವೇಶ ಉಚಿತ. ತೆರೆದಿರುವ ದಿನಗಳನ್ನು ಹೊರಡುವ ಮುಂಚೆ ನೋಡಿಕೊಳ್ಳಿ.